ಅದೇ ಮಾತ್ರೆ

"ಇದು ಅದಲ್ಲ," ಎನ್ನುತ್ತ ಗಾಜಿನಕ್ಕ ಮಾತ್ರೆಯ ಸ್ಟ್ರಿಪ್ಪನ್ನು ಕೌಂಟರಿನ ಮೇಲೆ ವಾಪಸ್ಸಿಟ್ಟಳು.

ಔಷಧಿ ಅಂಗಡಿಯವರು ತಲೆಯೆತ್ತಲಿಲ್ಲ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಯಾರಿಗೋ ಹತ್ತು ಮಾತ್ರೆಯಲ್ಲಿ ನಾಲ್ಕನ್ನು ಕತ್ತರಿಸಿ ಕೊಡುತ್ತಿದ್ದರು. "ಅದೇ ಕಣಮ್ಮ. ಥೈರಾಯ್ಡಿಂದು. ಹೆಸರು ಬೇರೆ, ಒಳಗಿರೋ ಸರಕು ಒಂದೇ."

"ಹೋದ ತಿಂಗಳೂ ಇದೇ ಮಾತು ಹೇಳಿದ್ರಿ. ಮೊದ್ಲು ಹಸಿರು ಕೊಟ್ರಿ, ಆಮೇಲೆ ಹಳದಿ, ಈಗ ಬೆಳ್ಳಿ ಬಣ್ಣದ್ದು. ನಂಗೆ ಬೇಕಾಗಿರೋದು ನೀಲಿ."

"ಬಣ್ಣ ನೋಡಿ ಆರಿಸೋಕೆ ಇದು ಬಟ್ಟೆ ಅಂಗಡಿ ಅಲ್ವಲ್ಲಮ್ಮ."

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಗಾಜಿನಕ್ಕ ಪರ್ಸಿನಿಂದ ಚೀಟಿ ತೆಗೆದು, ಮಡಿಕೆ ಬಿಡಿಸಿ ಮುಂದಿಟ್ಟಳು. ಡಾಕ್ಟರಮ್ಮ ಮಾತ್ರೆಯ ಹೆಸರು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ‘ಕಂಪನಿ ಬದಲಾಯಿಸಬಾರದು’ ಎಂದು ಬರೆದಿದ್ದರು.

"ಡಾಕ್ಟರು ಗೆರೆ ಎಳೀತಾರೆ. ಮಾಲು ತಂದ್ಕೊಡ್ತಾರಾ?" ಎಂದರು ಅಂಗಡಿಯವರು, ಈಗ ಫೋನನ್ನು ಇಳಿಸಿ. "ಆ ಕಂಪನಿಯವನು ಈ ಕಡೆ ತಲೆ ಹಾಕಿ ಐದಾರು ತಿಂಗಳಾಯ್ತು. ಹೋಲ್‌ಸೇಲಿನವನು ಏನು ಕಳಿಸ್ತಾನೋ ಅದನ್ನ ಮಾರ್ತೀನಿ. ಬೇಕೋ ಬೇಡ್ವೋ ಹೇಳಿ, ಜನ ಕಾಯ್ತಿದ್ದಾರೆ."

ಬೇಡ ಎನ್ನುವಂತಿರಲಿಲ್ಲ. ಮನೆಯಲ್ಲಿ ಒಂದೇ ಒಂದು ಮಾತ್ರೆ ಉಳಿದಿತ್ತು. ಇಲ್ಲದ ನೀಲಿಗಿಂತ ಇರುವ ಬೆಳ್ಳಿಯೇ ವಾಸಿ ಎಂದುಕೊಂಡು ಅವಳು ಸ್ಟ್ರಿಪ್ಪುಗಳನ್ನು ಚೀಲಕ್ಕೆ ಹಾಕಿಕೊಂಡು ಬೀದಿಗಿಳಿದಳು.

ಗಾಜಿನಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪೇಟೆಯ ಕನ್ನಡಕದ ಅಂಗಡಿಯಲ್ಲಿ, ಪರದೆಯ ಹಿಂದೆ, ಹದಿನೆಂಟು ವರ್ಷದಿಂದ ಲೆನ್ಸು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಎದುರಿಗೆ ನೀರು ಚಿಮುಕಿಸಿಕೊಂಡು ತಿರುಗುವ ಚಕ್ರ, ಮೊಣಕೈವರೆಗೆ ಬಿಳಿ ಹುಡಿ. ಕಾಲು ಪಾಯಿಂಟು ಪವರು ಹೆಚ್ಚುಕಮ್ಮಿಯಾದರೆ ಗಿರಾಕಿ ತಲೆನೋವೆಂದು ವಾಪಸ್ಸು ಬರುತ್ತಾನೆ. ಅವಳ ಕೈಯಿಂದ ಹೋದದ್ದು ವಾಪಸ್ಸು ಬಂದದ್ದು ಕಡಿಮೆ. ವಯಸ್ಸು ನಲವತ್ತೆರಡು. ಮದುವೆಯ ಮಾತು ಬಂದು ಬಂದು ತಾನಾಗಿಯೇ ದಣಿದು ನಿಂತಿತ್ತು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅವಳು ಮತ್ತು ಅಮ್ಮ.

ಅಮ್ಮ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವಳು. ಬಾಯಿಯೂ ಅಷ್ಟೇ ಚುರುಕು. ಪೋಸ್ಟ್ ಮಾಸ್ತರರೇ ಅವಳ ಮುಂದೆ ಎರಡು ಸಲ ಯೋಚಿಸಿ ಮಾತಾಡುತ್ತಿದ್ದರಂತೆ. ಆರು ವರ್ಷದ ಹಿಂದೆ ಕುತ್ತಿಗೆಯಲ್ಲಿ ಗಂಟು ಬಂದು ಥೈರಾಯ್ಡ್ ಗ್ರಂಥಿಯನ್ನೇ ತೆಗೆಯಬೇಕಾಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದವಳು ಬೇರೆ ಯಾರೋ ಎನ್ನುವಂತಾದಳು. ಕುರ್ಚಿಯಲ್ಲಿ ಕೂತರೆ ಕೂತಲ್ಲೇ. ಕರೆದರೆ ನಿಧಾನಕ್ಕೆ ತಿರುಗಿ ನೋಡುತ್ತಿದ್ದಳು. ಮುಖ ಊದಿಕೊಂಡು, ಹುಬ್ಬಿನ ಕೂದಲು ಉದುರಿ, ದನಿ ಒಡೆದು ಹೋಯಿತು. ದಿನಕ್ಕೊಂದು ಮಾತ್ರೆ ನುಂಗುತ್ತಲೇ ಇದ್ದಳು. "ವಯಸ್ಸಾಯ್ತಲ್ಲಕ್ಕ, ಇನ್ನೇನು ಕುಣೀತಾಳಾ?" ಎಂದಿದ್ದ ಬೇರೆ ಊರಿನಲ್ಲಿರುವ ತಮ್ಮ, ಫೋನಿನಲ್ಲಿ.

ಹೋದ ವರ್ಷ ಹೊಸ ಡಾಕ್ಟರಮ್ಮನೊಬ್ಬರು ಸಿಕ್ಕರು. ರಕ್ತ ನೋಡಿ, ಪ್ರಮಾಣ ತಿದ್ದಿ, ನೀಲಿ ಸ್ಟ್ರಿಪ್ಪಿನ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಗಾಜಿನಕ್ಕ ದಡಬಡ ಸದ್ದಿಗೆ ಎಚ್ಚರಗೊಂಡು ಹೊರಗೆ ಬಂದರೆ ಅಮ್ಮ ಕಪಾಟನ್ನು ಗೋಡೆಯಿಂದ ಗೋಡೆಗೆ ದೂಡುತ್ತಿದ್ದಳು. "ಏನ್ ನೋಡ್ತಾ ನಿಂತಿದೀಯ, ಹಿಡ್ಕೊ ಆ ಕಡೆ. ಐದು ವರ್ಷದಿಂದ ಈ ಕಪಾಟು ಕಿಟಕಿಗೆ ಅಡ್ಡ ನಿಂತಿದೆ, ಈ ಮನೇಲಿ ಯಾರಿಗೂ ಕಣ್ಣಿಲ್ವಾ? ಕನ್ನಡಕದಂಗಡೀಲಿ ಕೆಲಸ ಮಾಡೋಳು ಬೇರೆ!"

ಅಲ್ಲಿಂದ ಏಳು ತಿಂಗಳು ಅಮ್ಮ ಕಿವಿಗೆ ಗಾಳಿ ಹೊಕ್ಕ ಕರುವಿನಂತೆ ಓಡಾಡಿದಳು. ಮೆಟ್ಟಿಲಿಳಿದು ಮಾರುಕಟ್ಟೆಗೆ ಹೋದಳು, ಕೆಳಮನೆಯವಳ ಜೊತೆ ಜಗಳವಾಡಿದಳು, ಮರುದಿನ ರಾಜಿಯಾದಳು, ಮಗಳ ಅಡುಗೆಗೆ ಹೆಸರಿಟ್ಟಳು. ರಾತ್ರಿ ಊಟದ ಹೊತ್ತಿಗೆ ಕಚೇರಿಯ ಹಳೆಯ ಕಥೆಗಳು. ವಿಳಾಸವೇ ಇಲ್ಲದೆ ‘ಕುಂಟು ಟೈಲರಿನ ಎದುರುಮನೆಯ ನನ್ನ ಅಕ್ಕನಿಗೆ’ ಎಂದಷ್ಟೇ ಬರೆದಿದ್ದ ಕಾಗದವನ್ನು ಮೂರು ದಿನ ಹುಡುಕಿ ತಲುಪಿಸಿದ್ದು, ಆ ಅಕ್ಕ ಕಾಗದ ಓದಿ, "ಇವನಿಗೆ ನನ್ನ ವಿಳಾಸ ಕೊಟ್ಟವರ್‍ಯಾರು?" ಎಂದು ಸಿಡುಕಿದ್ದು. ಗಾಜಿನಕ್ಕ ನಕ್ಕು ನಕ್ಕು ತುತ್ತು ನೆತ್ತಿಗೇರಿಸಿಕೊಂಡಿದ್ದಳು. ನಲವತ್ತು ದಾಟಿದ ಮೇಲೆ ತಾಯಿಯೊಬ್ಬಳು ಗೆಳತಿಯಾಗಿ ಸಿಗುವುದು ಎಲ್ಲರ ಪಾಲಿಗೆ ಬರುವುದಿಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಆಮೇಲೆ ಅಮ್ಮ ಮತ್ತೆ ಕುರ್ಚಿಗೆ ಬಂದಳು. ಒಂದೇ ದಿನಕ್ಕಲ್ಲ. ಮೊದಲು ಮಾರುಕಟ್ಟೆ ನಿಂತಿತು, ಆಮೇಲೆ ಜಗಳ, ಆಮೇಲೆ ಕಥೆ. ರಕ್ತದ ವರದಿ ಸರಿಯಿದೆ, ಇನ್ನೊಂದು ವರ್ಷ ಪರೀಕ್ಷೆ ಬೇಡ ಎಂದು, ಅಮ್ಮ ಚೆನ್ನಾಗಿದ್ದಾಗಲೇ ಡಾಕ್ಟರಮ್ಮ ಹೇಳಿಯಾಗಿತ್ತು. ಹಾಗಾಗಿ ಇದು ವಯಸ್ಸೇ ಇರಬೇಕು, ತಮ್ಮ ಹೇಳಿದ್ದೇ ಸರಿ ಇರಬೇಕು ಎಂದುಕೊಂಡಳು ಗಾಜಿನಕ್ಕ.

ಅದು ವಯಸ್ಸಲ್ಲ ಎಂಬ ಗುಮಾನಿ ಬಂದದ್ದು ಅಮ್ಮನ ಮೇಜಿನ ಖಾನೆಯಿಂದ. ನೀಲಿ ಮಾತ್ರೆ ಶುರುವಾದಾಗಿನಿಂದ ಖಾಲಿ ಸ್ಟ್ರಿಪ್ಪುಗಳನ್ನು ಅಮ್ಮ ಎಸೆಯುತ್ತಿರಲಿಲ್ಲ. ಕಾಗದ ಕಟ್ಟಿ ರೂಢಿಯಾದ ಕೈ, ತಿಂಗಳಿಗೊಂದು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಡುತ್ತಿತ್ತು. ಒಂದು ದಿನ ಸೂಜಿ ಹುಡುಕುತ್ತ ಗಾಜಿನಕ್ಕ ಖಾನೆ ಎಳೆದಾಗ ಕಟ್ಟುಗಳು ಸಾಲಾಗಿ ಕಂಡವು. ಒಂಬತ್ತು ನೀಲಿ. ಆಮೇಲೆ ಎರಡು ಹಸಿರು, ಎರಡು ಹಳದಿ. ಅವಳು ಹಾಸಿಗೆಯ ಮೇಲೆ ಕುಳಿತು ಬೆರಳು ಮಡಿಸಿ ತಿಂಗಳು ಲೆಕ್ಕ ಹಾಕಿದಳು. ಮತ್ತೊಮ್ಮೆ ಹಾಕಿದಳು. ಮಾರನೆಯ ದಿನವೇ ಅಮ್ಮನನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು.

ರಕ್ತದ ಟಿಎಸ್‌ಎಚ್ ಅಂಕಿ ಏರಿತ್ತು, ಅಂದರೆ ಮಾತ್ರೆ ಮೈಗೆ ಸಾಲುತ್ತಿರಲಿಲ್ಲ. "ಕಂಪನಿ ಬದಲಾದ್ರೆ ಬಹಳ ಜನಕ್ಕೆ ಏನೂ ಗೊತ್ತಾಗಲ್ಲ," ಎಂದರು ಡಾಕ್ಟರಮ್ಮ. "ಕೆಲವರ ಮೈ ತುಂಬ ಸೂಕ್ಷ್ಮ. ನಿಮ್ಮ ತಾಯಿಗೆ ಗ್ರಂಥಿನೇ ಇಲ್ಲ, ಬರೋದೆಲ್ಲ ಆ ಮಾತ್ರೆಯಿಂದಲೇ ಬರ್ಬೇಕು. ಇದರಿಂದ್ಲೇ ಹೀಗಾಯ್ತು ಅಂತ ನಾನು ಆಣೆ ಮಾಡಲ್ಲ. ಆದ್ರೆ ಸರಿಯಿದ್ದದ್ದಕ್ಕೇ ವಾಪಸ್ ಹೋಗೋಣ. ಸಿಕ್ಕ ಮೇಲೆ ಆರು ವಾರ ಕಾಯ್ಬೇಕು. ಅದಕ್ಕೆ ಮೊದಲೇ ದಿನಾ ಮುಖ ನೋಡ್ತಾ ಕೂರಬೇಡಿ."

ಸಿಕ್ಕ ಮೇಲೆ. ಅಲ್ಲೇ ಇದ್ದದ್ದು ತೊಡಕು.

ಬೆಳ್ಳಿ ಸ್ಟ್ರಿಪ್ಪು ತಂದ ಆ ವಾರವೇ ಔಷಧಿ ಅಂಗಡಿಯವರ ಕನ್ನಡಕ ಅವಳ ಮೇಜಿಗೆ ಬಂತು. ಬೇರೆಲ್ಲೋ ಮಾಡಿಸಿದ್ದು, ಓದಿದರೆ ತಲೆ ಸಿಡಿಯುತ್ತದೆಂದು ಹೊಸ ಗಾಜು ಹಾಕಿಸಲು ಬಂದಿದ್ದರು. ಅವಳು ಹಳೆಯದನ್ನು ಯಂತ್ರದ ಕೆಳಗಿಟ್ಟು ನೋಡಿದಳು. ಪವರು ಸರಿಯಾಗೇ ಇತ್ತು. ಗಾಜು ಕೂರಿಸುವಾಗ ಚೂರು ಓರೆಯಾಗಿತ್ತು, ಐದೇ ಐದು ಡಿಗ್ರಿ. ಹೊಸದನ್ನು ಎಂದಿಗಿಂತ ಹೆಚ್ಚು ಜಾಗ್ರತೆಯಿಂದ ಉಜ್ಜಿ, ಸಂಜೆ ಅವರು ಬಂದಾಗ ಅಂಗಡಿ ಯಜಮಾನರನ್ನು ಕೇಳಿ ತಾನೇ ಪರದೆ ಸರಿಸಿ ಹೊರಗೆ ಬಂದು ಕೈಗಿತ್ತಳು.

ಔಷಧಿ ಅಂಗಡಿಯವರು ಹಾಕಿಕೊಂಡು ಪತ್ರಿಕೆ ನೋಡಿದರು. "ಆಹಾ. ಈಗ ಅಕ್ಷರ ನೆಟ್ಟಗೆ ನಿಂತಿದೆ ನೋಡಿ."

"ಹಳೇದೂ ಅದೇ ಗಾಜು, ಅದೇ ಪವರು. ಒಂದು ಕೂದಲೆಳೆಯಷ್ಟು ತಿರುಗಿತ್ತು ಅಷ್ಟೇ. ಹತ್ತು ಜನಕ್ಕೆ ಕೊಟ್ಟಿದ್ರೆ ಎಂಟು ಜನ ಸುಮ್ನೆ ಹಾಕ್ಕೊಂಡು ಹೋಗ್ತಿದ್ರು. ನಿಮಗೆ ತಲೆನೋವು ಬಂತು." ಅವಳು ದಿನವಿಡೀ ಮನಸ್ಸಿನಲ್ಲೇ ಉರುಹೊಡೆದು ಇಟ್ಟುಕೊಂಡ ಮಾತು ಅದು. "ಮಾತ್ರೇನೂ ಹಂಗೇ ಅಲ್ವಾ ಸಾರ್?"

ಅವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಓ, ನೀಲಿ ಬಣ್ಣದವರು ನೀವೇನಾ? ಕಣ್ಣು ಬೇರೆ, ಮಾತ್ರೆ ಬೇರೆ ಬಿಡಿ," ಎಂದು ನಗುತ್ತ, ಕನ್ನಡಕ ಒರೆಸುವ ಬಟ್ಟೆಯೊಂದನ್ನು ಹೆಚ್ಚಿಗೆ ಕೇಳಿ ಪಡೆದು ಹೊರಟುಹೋದರು. ಗೋಡೆಗೆ ಹೇಳಿದಂತಾಯಿತು. ಗೋಡೆಯಾದರೂ ಪುಕ್ಕಟೆ ಬಟ್ಟೆ ಕೇಳುತ್ತಿರಲಿಲ್ಲ.

ಭಾನುವಾರ ಅವಳು ಖಾಲಿ ನೀಲಿ ಸ್ಟ್ರಿಪ್ಪೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಊರು ಸುತ್ತಿದಳು. ಒಂಬತ್ತು ಅಂಗಡಿ. ಒಬ್ಬರು ಸ್ಟ್ರಿಪ್ಪನ್ನು ತಿರುಗಿಸಿ ನೋಡಿ ಈ ಹೆಸರನ್ನೇ ಕೇಳಿಲ್ಲ ಎಂದರು. ಇನ್ನೊಬ್ಬರು ಇದೆ ಇದೆ ಎಂದು ಏಣಿ ಹತ್ತಿ, ಧೂಳು ಕೊಡವಿ, ಕೆಮ್ಮಿನ ಔಷಧಿ ಕೆಳಗಿಳಿಸಿದರು. ಬಸ್ ನಿಲ್ದಾಣದ ಬಳಿ ಒಂದೇ ಒಂದು ಸ್ಟ್ರಿಪ್ಪು ಸಿಕ್ಕಿತು. ಅವಧಿ ಮುಗಿದು ಎರಡು ವಾರವಾಗಿತ್ತು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ವಾಪಸ್ಸು ಕೊಡುವಾಗ ಬೆರಳು ಸಡಿಲವಾಗಲಿಲ್ಲ. ಕೊನೆಗೆ ಹೋಲ್‌ಸೇಲಿನ ಗೋದಾಮಿಗೆ ಹೋದರೆ ಅಲ್ಲಿನ ಗುಮಾಸ್ತ ಒಳಗೇ ಬಿಡಲಿಲ್ಲ. "ಅಂಗಡಿಯವರು ಕೇಳಿದ್ರೆ ತರಿಸ್ತೀವಿ. ತುಂಬಿದ ಪೆಟ್ಟಿಗೆ ತಗೋಬೇಕು. ಮನೆಯವರಿಗೆಲ್ಲ ಬಿಡಿ ಮಾರೋಕೆ ನಾವೇನು ಕಡಲೆಕಾಯಿ ಮಾರ್ತೀವಾ?"

ಆ ಸಂಜೆ ಮನೆಗೆ ಬಂದಾಗ ಅಮ್ಮ ಕುರ್ಚಿಯಲ್ಲಿದ್ದಳು. ಗಾಜಿನಕ್ಕ ಚಪ್ಪಲಿ ಬಿಟ್ಟು, ಕಾಲು ಚಾಚಿ ನೆಲದ ಮೇಲೆಯೇ ಕುಳಿತಳು. ಅಂಗಡಿಯಲ್ಲಿ ನಡೆದ ನಗೆಯ ಪ್ರಸಂಗಗಳನ್ನು ಅಮ್ಮನಿಗಾಗಿ ಕೂಡಿಡುವುದು ಆ ಏಳು ತಿಂಗಳಲ್ಲಿ ಬಂದ ಅಭ್ಯಾಸ, ಬಿಡಲು ಆಗಿರಲಿಲ್ಲ. ಅವತ್ತೂ ಒಂದು ಹೇಳಿದಳು. ಮುದುಕರೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿ "ಏನೇ ಇದು, ಯಾವಾಗ ಇಷ್ಟೊಂದು ವಯಸ್ಸಾಯ್ತು ನಿಂಗೆ?" ಎಂದರಂತೆ, ಆಕೆ ಅಂಗಡಿ ಯಜಮಾನರತ್ತ ತಿರುಗಿ, "ಹಳೇ ಕನ್ನಡಕಾನೇ ಕೊಟ್ಬಿಡಿಪ್ಪಾ, ಚೆನ್ನಾಗಿತ್ತು" ಎಂದರಂತೆ.

ಅಮ್ಮನ ಮುಖದಲ್ಲಿ ಏನೂ ಆಗಲಿಲ್ಲ. ಗಾಜಿನಕ್ಕ ಎದ್ದು ಅಡುಗೆಮನೆಗೆ ಹೋದಳು. ಅಮ್ಮ ಮನೆಯಲ್ಲೇ ಇದ್ದಾಳೆ, ಆದರೂ ಅಮ್ಮನ ನೆನಪಾಗುತ್ತದೆ. ದೂರ ಹೋದವರ ನೆನಪಾದರೆ ನಾಲ್ಕು ಜನರ ಹತ್ತಿರ ಹೇಳಿಕೊಳ್ಳಬಹುದು. ಎದುರಿಗೇ ಕೂತವರ ನೆನಪಾಗುತ್ತಿದೆ ಎಂದು ಯಾರ ಹತ್ತಿರ ಹೇಳುವುದು? ಅವಳು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅಮ್ಮನ ತುಟಿ ಅಲುಗುತ್ತಿತ್ತು.

"ಪಾಪ," ಎಂದಳು ಅಮ್ಮ.

"ಯಾರಮ್ಮಾ?"

ಎಷ್ಟೋ ಹೊತ್ತಿನ ಮೇಲೆ, "ಆ ಹೆಂಗಸು. ಹಳೇ ಕನ್ನಡಕ ಕೇಳಿದ್ಳಲ್ಲ." ಮತ್ತೂ ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಮಾತೆಲ್ಲ ಕೇಳ್ಸುತ್ತೆ ಕಣೆ ನಂಗೆ. ಉತ್ತರ ಹುಡುಕ್ಕೊಂಡು ಬರೋಷ್ಟರಲ್ಲಿ ನೀನು ಎದ್ದು ಹೋಗಿರ್ತೀಯ."

ಗಾಜಿನಕ್ಕ ಅಲ್ಲೇ, ಕುರ್ಚಿಯ ಕಾಲಿಗೆ ಒರಗಿ ಕುಳಿತಳು. ದೀಪ ಹಾಕುವ ಹೊತ್ತಾದರೂ ಏಳಲಿಲ್ಲ.

ಮುಂದಿನ ವಾರ ಡಾಕ್ಟರಮ್ಮ ಹೇಳಿದ್ದರೆಂದು ಮತ್ತೊಮ್ಮೆ ರಕ್ತ ಕೊಡಲು ಅಮ್ಮನನ್ನು ಲ್ಯಾಬಿಗೆ ಕರೆದೊಯ್ದಳು. ಬೆಳಿಗ್ಗೆ ಖಾಲಿ ಹೊಟ್ಟೆ. ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ಅಮ್ಮನ ಕಾಲು ಸೋತಿತು. ನೆರಳಿರುವ ಜಾಗವೆಂದರೆ ಔಷಧಿ ಅಂಗಡಿಯ ಮೆಟ್ಟಿಲು ಮಾತ್ರ. ಬೇರೆ ದಿನವಾಗಿದ್ದರೆ ಗಾಜಿನಕ್ಕ ಅಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೊಮ್ಮೆ ಕೇಳಿ ಇನ್ನೊಮ್ಮೆ ಅನ್ನಿಸಿಕೊಳ್ಳಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಅಮ್ಮನ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿ, "ಸ್ವಲ್ಪ ನೀರು ಸಿಗುತ್ತಾ ಸಾರ್?" ಎಂದಳು.

ಅಂಗಡಿಯವರು ಆಗಷ್ಟೇ ಬಾಗಿಲು ತೆಗೆದಿದ್ದರು. ಗಿರಾಕಿಗಳಿರಲಿಲ್ಲ. ಲೋಟ ಹಿಡಿದು ಹೊರಗೆ ಬಂದವರು ಅಮ್ಮನ ಮುಖವನ್ನು ನೋಡಿ, ನೋಡಿದ್ದು ಸಾಲದೆಂಬಂತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಬೋರ್ಡಿನಮ್ಮ ಅಲ್ವಾ ಇವರು?"

"ಯಾವ ಬೋರ್ಡು?"

"ಅಯ್ಯೋ, ಹೋದ ವರ್ಷ ಇಲ್ಲಿ ಬಂದು ನಂಗೆ ಮಂಗಳಾರತಿ ಮಾಡಿದ್ರು! ನಮ್ಮ ಬೋರ್ಡಿನಲ್ಲಿ ‘ಔಷದಿ’ ಅಂತ ಇತ್ತು. ಇಪ್ಪತ್ತು ವರ್ಷದಿಂದ ಹಂಗೇ ಇತ್ತು, ಒಬ್ಬರೂ ಹೇಳಿರ್ಲಿಲ್ಲ. ಇವರು ರಸ್ತೆ ಮಧ್ಯೆ ನಿಂತ್ಕೊಂಡು, ‘ಏನ್ರೀ, ದಕಾರದ ಹೊಟ್ಟೆ ಸೀಳೋದು ಮರೆತಿದ್ದೀರಿ. ಇಷ್ಟೊಂದು ಮದ್ದು ಇಟ್ಕೊಂಡು ಒಂದು ಆಪರೇಷನ್ ಮಾಡೋಕಾಗ್ಲಿಲ್ವಾ’ ಅಂದ್ರು. ಅಂಗಡೀಲಿ ಇದ್ದೋರೆಲ್ಲ ಬಿದ್ದು ಬಿದ್ದು ನಕ್ರು. ಆಮೇಲೆ ತಿಂಗಳು ತಿಂಗಳು ಬರೋರು, ಬಂದಾಗೆಲ್ಲ ಏನಾದ್ರೂ ಒಂದು ಕುಟುಕಿ ಹೋಗೋರು." ಅವರ ದನಿ ಇಳಿಯಿತು. "ಬರ್ತಾನೇ ಇರ್ಲಿಲ್ಲ. ನಾನು... ನಾನು ಏನೇನೋ ಅಂದ್ಕೊಂಡಿದ್ದೆ. ಏನಾಯ್ತು ಇವ್ರಿಗೆ?"

ಗಾಜಿನಕ್ಕ ಅಮ್ಮನ ಹೆಗಲ ಮೇಲೆ ಕೈಯಿಟ್ಟಳು. "ಇವರಿಗೇ ಸಾರ್ ಆ ಮಾತ್ರೆ," ಎಂದಳು.

"ನಿಮಗೆ ಅಂದ್ಕೊಂಡಿದ್ದೆ."

"ಅಲ್ಲ. ಅಮ್ಮನಿಗೆ."

ಅಂಗಡಿಯವರು ಒಳಗೆ ಹೋಗಿ, ತಾವು ಕೂರುವ ಎತ್ತರದ ಸ್ಟೂಲು ತಂದು, ಅದು ಅಮ್ಮನಿಗೆ ಎಟುಕದೆಂದು ವಾಪಸ್ಸು ಇಟ್ಟು, ಔಷಧಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅಮ್ಮನ ಎದುರು ತಾವೇ ಕುಳಿತರು. "ಅಮ್ಮಾ, ಗುರುತು ಸಿಕ್ತಾ ನನ್ನ?"

ಅಮ್ಮ ಅವರನ್ನು ನೋಡಿದಳು. ಮಗಳು "ಅಮ್ಮನಿಗೆ ಸ್ವಲ್ಪ..." ಎಂದು ಶುರುಮಾಡಿ ತಾನೇ ತಡೆದುಕೊಂಡಳು. ಬೀದಿಯಲ್ಲಿ ಸೈಕಲ್ಲೊಂದು ಹೋಯಿತು. ಗಿರಾಕಿಯೊಬ್ಬ ಬಂದು ಕೌಂಟರಿನ ಮೇಲೆ ನಾಣ್ಯ ಟಕಟಕ ಬಡಿದ. ಅಂಗಡಿಯವರು ಹಿಂತಿರುಗದೆ ಅವನಿಗೆ ತಡಿ ಎಂದು ಕೈ ತೋರಿಸಿದರು. ಅವರೂ ಕಾದರು.

"ಸರಿ ಮಾಡ್ಸಿದ್ರಾ?" ಎಂದಳು ಅಮ್ಮ, ಒಡೆದ ದನಿಯಲ್ಲಿ.

"ಮಾಡಿಸ್ದೆ ತಾಯೀ. ಮರುದಿನಾನೇ ಪೇಂಟರನ್ನ ಕರೆಸ್ದೆ. ನೋಡಿ ಬೇಕಾದ್ರೆ."

ಅಮ್ಮ ತಲೆಯೆತ್ತಿ ನೋಡುವ ಶ್ರಮ ತೆಗೆದುಕೊಳ್ಳಲಿಲ್ಲ. ಅಂಗಡಿಯವರು ಎದ್ದು ಒಳಗೆ ಹೋದರು. ಫೋನಿನಲ್ಲಿ ಅವರ ದನಿ ಬೀದಿಗೆ ಕೇಳುವಷ್ಟು ಏರಿತು. "ನಿಮ್ಮ ಡಿಸ್ಕೌಂಟ್ ಸ್ಕೀಮೂ ಬೇಡ ಗೀಮೂ ಬೇಡ. ಆ ನೀಲಿದು, ತುಂಬಿದ ಪೆಟ್ಟಿಗೆ ಕಳಿಸಿ. ಬೇರೆ ಯಾರೂ ಕೇಳ್ದಿದ್ರೆ ನಾನೇ ಇಟ್ಕೋತೀನಿ... ಇಲ್ಲ ಅನ್ನೋ ಮಾತೇ ಬೇಡ, ಇದ್ದಲ್ಲಿಂದ ತರ್ಸಿ."

ಹನ್ನೊಂದನೆಯ ದಿನ ಪೆಟ್ಟಿಗೆ ಬಂತು. ಅದರ ಮೇಲೆ ಅಂಗಡಿಯವರು ದಪ್ಪ ಅಕ್ಷರದಲ್ಲಿ ‘ಬೋರ್ಡಿನಮ್ಮನದು, ಬೇರೆಯವರಿಗೆ ಕೊಡಬಾರದು’ ಎಂದು ಬರೆದು ಕೌಂಟರಿನ ಕೆಳಗೆ ಇಟ್ಟಿದ್ದರು. "ತಪ್ಪೇನೂ ಇಲ್ಲ ತಾನೆ? ನಿಮ್ಮಮ್ಮನಿಗೆ ಹೆದರಿ ಎರಡು ಸಲ ಓದ್ದೆ," ಎಂದರು. ಸ್ಟ್ರಿಪ್ಪುಗಳನ್ನು ಚೀಲಕ್ಕೆ ಹಾಕಿಕೊಡುವಾಗ, "ಸರಿ ಹೋಗ್ತಾರಾ?" ಎಂದು ಕೇಳಿದರು.

"ಆರು ವಾರ ಅಂದಿದಾರೆ. ಆಗಬಹುದು ಅಂದಿದಾರೆ."

ಆರು ವಾರವೆಂದರೆ ಏನು ಮಹಾ ಎಂದು ಹೇಳುವುದು ಸುಲಭ. ಮುಖ ನೋಡುತ್ತ ಕೂರಬೇಡಿ ಎಂದಿದ್ದರು ಡಾಕ್ಟರಮ್ಮ. ಗಾಜಿನಕ್ಕ ನೋಡುತ್ತ ಕೂತಳು. ಬೆಳಿಗ್ಗೆ ಎದ್ದ ಕೂಡಲೇ ಮಾತ್ರೆ, ಒಂದು ಲೋಟ ನೀರು, ಗಂಟೆ ಕಳೆದ ಮೇಲೆ ಚಹಾ. ಮೂರನೆಯ ವಾರ ಅಮ್ಮ ಒಂದು ಮಾತಿಗೆ ಬೇಗ ಉತ್ತರ ಕೊಟ್ಟಂತಾಯಿತು. ಮಾರನೆಯ ದಿನ ಮತ್ತೆ ಮಂಕು. ನಾಲ್ಕನೆಯ ವಾರ ಏನೂ ಇಲ್ಲ. ತಮ್ಮ ಫೋನು ಮಾಡಿ, "ಅಕ್ಕ, ಮಾತ್ರೆ ಮಾತ್ರೆ ಅಂತ ನೀನು ಆಸೆ ಕಟ್ಕೊಂಡು ಕೂತ್ಕೋಬೇಡ, ಆಮೇಲೆ ಸಂಕಟ ಆಗುತ್ತೆ" ಎಂದ. ಪ್ರೀತಿಯಿಂದಲೇ ಅಂದಿದ್ದ. "ಇಲ್ಲ ಬಿಡೋ" ಎಂದು ಇವಳೂ ಸುಳ್ಳು ಹೇಳಿದಳು. ಐದನೆಯ ವಾರದ ಕೊನೆಗೆ, ಒಂದು ವೇಳೆ ತಮ್ಮ ಹೇಳಿದಂತೆಯೇ ಆದರೆ, ಆ ಏಳು ತಿಂಗಳು ಎಂಬುದು ಒಮ್ಮೆ ಬಂದು ಮುಗಿದುಹೋದದ್ದೇ ಆದರೆ, ಆಗಲೂ ಸಂಜೆ ಕುರ್ಚಿಯ ಪಕ್ಕ ಕೂತು ಉತ್ತರಕ್ಕೆ ಕಾಯಬಹುದು ಎಂದು ತನ್ನನ್ನು ತಾನು ಒಪ್ಪಿಸಿಕೊಳ್ಳಲು ನೋಡಿದಳು. ಮನಸ್ಸು ಪೂರ್ತಿ ಒಪ್ಪಲಿಲ್ಲ.

ಏಳನೆಯ ವಾರದ ಒಂದು ಬೆಳಿಗ್ಗೆ ಅವಳಿಗೆ ಸೆಕೆಯಾಗಿ ಎಚ್ಚರವಾಯಿತು. ಮೈ ಬೆವೆತು ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎದೆಯ ಮೇಲೆ ಏನೋ ಭಾರ. ಕಣ್ಣು ತೆರೆದರೆ ತನ್ನ ಹೊದಿಕೆಯ ಮೇಲೆ ಅಮ್ಮನ ಉಣ್ಣೆಯ ಕಂಬಳಿ, ಗಲ್ಲದವರೆಗೆ ಎಳೆದು ಎರಡೂ ಬದಿ ಒಳಕ್ಕೆ ಮಡಿಸಿತ್ತು. ಬೇಸಿಗೆಯಲ್ಲೂ ನಡುಗುತ್ತಿದ್ದ ಅಮ್ಮ ಎಷ್ಟೋ ತಿಂಗಳಿಂದ ಬಿಟ್ಟಿರದ ಕಂಬಳಿ. ಪಕ್ಕದ ಮಂಚ ಖಾಲಿಯಿತ್ತು. ಅಡುಗೆಮನೆಯಲ್ಲಿ ನಲ್ಲಿ ತಿರುಗಿದ ಸದ್ದು, ಮುಚ್ಚಳವೊಂದು ನೆಲಕ್ಕೆ ಬಿದ್ದು ಗಿರಗಿರನೆ ಸುತ್ತಿ ನಿಂತ ಸದ್ದು, ಅದರ ಹಿಂದೆಯೇ ಮುಚ್ಚಳಕ್ಕೆ ಬಿದ್ದ ಬೈಗುಳ.

ಗಾಜಿನಕ್ಕ ಅಲುಗಾಡಲಿಲ್ಲ. ಬೆವರು ಕಿವಿಯ ಹಿಂದಿನಿಂದ ದಿಂಬಿಗೆ ಇಳಿಯುತ್ತಿತ್ತು. ಹೆಜ್ಜೆಗಳು ಕೋಣೆಯತ್ತ ಬರುವುದು ಕೇಳಿಸಿತು. ಅವಳು ಕಂಬಳಿಯನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡು, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಳು.